ಕಡಜಕ್ಕೊಂದು ಹಲಗೆ

ಡಿಪೋದಲ್ಲಿ ಅವನನ್ನು ಎಲ್ಲರೂ ಕೆಂಡ ಅಂತಲೇ ಕರೆಯುತ್ತಿದ್ದರು. ಬಸ್ಸಿಗೆ ಯಾರಾದರೂ ಸ್ಕೂಟರ್ ಅಡ್ಡ ತಂದರೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಅವರ ವಂಶವನ್ನೆಲ್ಲ ವಿಚಾರಿಸಿಕೊಳ್ಳುವ ಆಸಾಮಿ. ಅಂಥವನು ಆ ಸಂಜೆ ಹಿತ್ತಲಿನಲ್ಲಿ ಟಾರ್ಚ್ ಹಿಡಿದು, ಬೆಂಚಿನ ಮೇಲೆ ಎದ್ದಿದ್ದ ಒಂದು ಬಿಳಿ ಗೀರನ್ನು ನೋಡಿ, ಬೈಯುವುದಕ್ಕೂ ತ್ರಾಣವಿಲ್ಲದೆ ನಿಂತುಬಿಟ್ಟ.

ಗೀರು ಹೊಸದು. ಅದರ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಕಡಜದ ಹುಳು ಮರವನ್ನು ಕೆರೆದುಕೊಂಡು ಹೋದ ಗುರುತು. ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿದ ಮರ ಅಂದರೆ ಕಡಜಕ್ಕೆ ಪ್ರಾಣ. ಮೇಲಿನ ನಾರನ್ನು ಕೆರೆದು ಉಂಡೆ ಮಾಡಿ, ಎಂಜಲು ಬೆರೆಸಿ ಅಗಿದು, ಕಾಗದದಂಥ ಗೂಡು ಕಟ್ಟುತ್ತದೆ. ಮರ ಚೆನ್ನಾಗಿ ಎಣ್ಣೆ ಕುಡಿದಿದ್ದರೆ ನಾರು ಏಳುವುದಿಲ್ಲ, ಹುಳು ಕೂತು ನೋಡಿ ಎದ್ದು ಹೋಗುತ್ತದೆ. ಹಾಗಂತ ಬಣ್ಣದ ಅಂಗಡಿಯವನು ಹೇಳಿ ಅಗಸೆ ಎಣ್ಣೆ ಕೊಟ್ಟಿದ್ದ. ಕೆಂಡ ಅದನ್ನು ಬಳಿದ. ಒಂದು ಸಲ ಅಲ್ಲ, ಬೇಸಿಗೆ ಶುರುವಾದಾಗಿನಿಂದ ಬಳಿಯುತ್ತಲೇ ಇದ್ದ. ಬಳಿದ ವಾರಕ್ಕೆಲ್ಲ ಮರ ಮತ್ತೆ ಬೂದಿಯಾಗಿ, ಒಣಗಿದ ಮೂಳೆಯ ಹಾಗೆ ಆಗುತ್ತಿತ್ತು. ಕಡಜ ಮತ್ತೆ ಹಾಜರ್.

ಆ ಬೆಂಚಿನ ಕತೆಯನ್ನೂ ಹೇಳಬೇಕು. ಡಿಪೋದವರು ಹಳೆಯ ಬಸ್ ನಿಲ್ದಾಣವೊಂದನ್ನು ಕೆಡವಿ ಸಿಮೆಂಟಿನದು ಕಟ್ಟಿಸಿದಾಗ, ಮರದ ಬೆಂಚು, ನಾಲ್ಕು ಕಂಬ, ಮಾಡಿನ ಪಟ್ಟಿಗಳು ಎಲ್ಲವನ್ನೂ ಗುಜರಿಗೆ ಹಾಕಲು ಹೊರಟಿದ್ದರು. ಕೆಂಡ ಮೆಕ್ಯಾನಿಕನೊಬ್ಬನನ್ನು ಕರೆದುಕೊಂಡು ಹೋಗಿ ಅದನ್ನು ಹಾಗೇ ಎತ್ತಿ ತಂದು ಹಿತ್ತಲಿನಲ್ಲಿ ನಿಲ್ಲಿಸಿದ. ಮೇಲೆ ಬಳ್ಳಿ ಹಬ್ಬಿಸಿದವಳು ಅಕ್ಕ. ಅದಕ್ಕೆ ಅವಳಿಟ್ಟ ಹೆಸರು ಸ್ಟ್ಯಾಂಡು. ಸಂಜೆ ಯಾರಾದರೂ ಫೋನ್ ಮಾಡಿದರೆ, ಸ್ಟ್ಯಾಂಡಿನಲ್ಲಿ ಕೂತಿದ್ದೇನೆ, ಬಸ್ಸು ಬಂದಿಲ್ಲ ಎನ್ನುತ್ತಿದ್ದಳು. ಬಸ್ಸು ಓಡಿಸುವವನು ಮಾತ್ರ ಅಲ್ಲಿ ಒಂದು ದಿನವೂ ಕೂತವನಲ್ಲ. ನಿಲ್ದಾಣದಲ್ಲಿ ಕೂರುವುದು ಡ್ರೈವರನ ಕೆಲಸವಲ್ಲ ಎನ್ನುತ್ತಿದ್ದ. ನಿಜ ಏನೆಂದರೆ ಅವನಿಗೆ ಪುರುಸೊತ್ತಿರಲಿಲ್ಲ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಳು. ತಮ್ಮನಿಗೂ ಸಂಸಾರ ಇರಲಿಲ್ಲ. ಹೆಣ್ಣು ತೋರಿಸಲು ಬಂದವರ ಜೊತೆಗೇ ಜಗಳ ಆಡಿದರೆ ಯಾರು ಕೊಡುತ್ತಾರೆ. ಇಬ್ಬರೂ ಇದ್ದುದರಲ್ಲಿ ನೆಮ್ಮದಿಯಾಗಿದ್ದರು. ಹೋದ ವರ್ಷ ಅದೇ ಬೆಂಚಿನ ಮೇಲೆ ಕೂತಿದ್ದಾಗ ಅಕ್ಕನ ಅಂಗೈಗೆ ಕಡಜ ಕಚ್ಚಿತು. ಯಾರಿಗೆ ಕಚ್ಚುವುದಿಲ್ಲ, ಸುಣ್ಣ ಹಚ್ಚಿಕೊಂಡರಾಯಿತು ಅಂದುಕೊಂಡರೆ, ನೋಡನೋಡುತ್ತ ಮುಖ ಊದಿ, ತುಟಿ ದಪ್ಪವಾಗಿ, ಉಸಿರು ಸಿಕ್ಕಿಕೊಂಡಿತು. ಅವತ್ತು ಕೆಂಡನಿಗೆ ರಜೆ ಇದ್ದದ್ದು ಪುಣ್ಯ. ಆಸ್ಪತ್ರೆಗೆ ಎತ್ತಿಕೊಂಡೇ ಓಡಿದ. ಇವರ ಮೈಗೆ ಆ ವಿಷ ಆಗುವುದಿಲ್ಲ, ಇನ್ನೊಂದು ಸಲ ಕಚ್ಚಿದರೆ ಇಲ್ಲಿಯ ತನಕ ತರಲು ಟೈಮ್ ಸಿಗದೆ ಹೋಗಬಹುದು ಎಂದು ಡಾಕ್ಟರು ಹೇಳಿ, ಮನೆಯಲ್ಲೇ ಇಟ್ಟುಕೊಳ್ಳಲು ಒಂದು ಇಂಜೆಕ್ಷನ್ ಬರೆದುಕೊಟ್ಟರು. ಅದರ ಡಬ್ಬಿಯನ್ನು ಕೆಂಡ ಅಡುಗೆಮನೆ ಬಾಗಿಲ ಮೇಲೆ ಮೊಳೆ ಹೊಡೆದು ನೇತುಹಾಕಿದ. ಬೆಂಚಿನ ಹತ್ತಿರ ಹೋಗಕೂಡದು ಎಂದು ಅಕ್ಕನಿಗೆ ಅಪ್ಪಣೆಯನ್ನೂ ಹೊರಡಿಸಿದ.

ಅಕ್ಕ ಹೂಂ ಅಂದಳು. ಆದರೆ ದಿನವೂ ಕಿಟಕಿಯ ಹಿಂದೆ ಕೂತು ಬೆಂಚನ್ನು ನೋಡುವುದು ಇವನ ಕಣ್ಣಿಗೆ ಬೀಳದೆ ಇರಲಿಲ್ಲ. ಆಸ್ಪತ್ರೆಯ ಲಾಂಡ್ರಿಗೆ ಕಿಟಕಿಯೇ ಇರಲಿಲ್ಲ. ಅಷ್ಟು ವರ್ಷ ಆವಿಯಲ್ಲಿ ಬೆಂದು ಬಂದವಳಿಗೆ ಹೊರಗೆ ಕೂರುವುದೊಂದೇ ಆಸೆ. ಅದಕ್ಕೇ ಅವನು ಎಣ್ಣೆಯ ಹಿಂದೆ ಬಿದ್ದದ್ದು. ಮುಸ್ಸಂಜೆಗೆ ಕಡಜಗಳು ಗೂಡು ಸೇರುತ್ತವೆ, ಅಕ್ಕ ಮುಂದಿನ ಕೋಣೆಯಲ್ಲಿ ರೇಡಿಯೋ ಹಚ್ಚಿಕೊಂಡಿರುತ್ತಾಳೆ. ಆಗ ಯೂನಿಫಾರ್ಮ್ ಕೂಡ ಬಿಚ್ಚದೆ ಹಿತ್ತಲಿಗೆ ಹೋಗಿ ಬಳಿಯುತ್ತಿದ್ದ. ಅವಳಿಗೆ ಹೇಳಿರಲಿಲ್ಲ. ಹೇಳಿದರೆ, ದಿನವಿಡೀ ಸ್ಟಿಯರಿಂಗ್ ತಿರುಗಿಸಿ ಬಂದವನಿಗೆ ಇದು ಬೇರೆ ಕೇಡೇ ಎಂದು ಬ್ರಷ್ಷನ್ನೇ ಕಿತ್ತುಕೊಳ್ಳುತ್ತಿದ್ದಳು. ಅವಳ ಮೂಗಿಗೆ ವಾಸನೆಯೂ ಸಿಗುತ್ತಿರಲಿಲ್ಲ. ಬ್ಲೀಚಿಂಗ್ ಪೌಡರು ಅದನ್ನು ಯಾವತ್ತೋ ಕೊಂದಿತ್ತು.

ಎಣ್ಣೆ ನಿಲ್ಲದಿದ್ದಾಗ ಕೆಂಡ ಅಂಗಡಿಯವನ ಮೇಲೆ ಎಗರಿದ. ಕಲಬೆರಕೆ ಮಾಲು ಕೊಟ್ಟೆ ಎಂದ. ಅಂಗಡಿಯವನು ತಾಳ್ಮೆಯಿಂದ ಬೇರೆ ಡಬ್ಬಿ ಕೊಟ್ಟ. ಅದೂ ನಿಲ್ಲಲಿಲ್ಲ. ಮತ್ತೆ ಹೋಗಿ ಡಬ್ಬಿಯನ್ನು ಗಲ್ಲಾದ ಮೇಲೆ ಕುಕ್ಕಿದ. ಈ ಸಲ ಅಂಗಡಿಯವನಿಗೂ ರೇಗಿತು. ಎಣ್ಣೆಗೆ ಕಾಲಿಲ್ಲ ಸ್ವಾಮಿ, ತಾನಾಗಿ ಎದ್ದು ಹೋಗೋದಿಲ್ಲ, ಮೊದಲು ನಿಮ್ಮ ಮನೇಲಿ ಏನು ನಡೀತಿದೆ ನೋಡ್ಕೊಳ್ಳಿ ಎಂದ. ಮನೆಯ ವಿಷಯ ಎತ್ತಿದ್ದಕ್ಕೆ ಇಡೀ ಬೀದಿ ಸೇರುವ ಹಾಗೆ ಜಗಳವಾಯಿತು.

ಆ ಸಂಜೆ ಗೀರನ್ನು ಕಂಡಾಗ ಕೆಂಡ ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದಿದ್ದ. ಸೊಂಟ ತುಂಡಾಗಿತ್ತು, ಕಣ್ಣೊಳಗೆ ಮರಳು ಸುರಿದ ಹಾಗಿತ್ತು. ಗೀರಿನ ಮೇಲೆ ಬೆರಳಾಡಿಸಿದ. ಎಣ್ಣೆಯ ಪಸೆಯೇ ಇಲ್ಲ. ಅಲ್ಲೇ ನಿಂತು ಫೋನ್ ತೆಗೆದು ಕೊನೆಯ ತಮ್ಮನಿಗೆ ಮಾಡಿದ. ಅವನನ್ನು ಮನೆಯಲ್ಲಿ ಎಲ್ಲರೂ ಚಿಕ್ಕವನು ಎನ್ನುತ್ತಿದ್ದರು, ತಲೆ ಬೋಳಾದ ಮೇಲೂ. ಫ್ರಿಜ್ಜಿನ ಅಂಗಡಿ ಇಟ್ಟು ಪರವಾಗಿಲ್ಲ ಅನ್ನುವ ಹಾಗಿದ್ದ. ಮೂರನೆಯ ಮಹಡಿಯ ಫ್ಲಾಟು, ಎಲ್ಲ ಕಿಟಕಿಗೂ ಜಾಲರಿ. ಅಕ್ಕನಿಗೆ ಕಚ್ಚಿದಾಗಿನಿಂದ ನಮ್ಮಲ್ಲಿಗೆ ಕಳಿಸು ಎಂದು ಕೇಳುತ್ತಲೇ ಇದ್ದ, ಕೆಂಡ ಬೈದು ಫೋನ್ ಇಡುತ್ತಲೇ ಇದ್ದ.

"ಬಂದು ಕರ್ಕೊಂಡು ಹೋಗು," ಎಂದ ಕೆಂಡ. "ನನ್ನ ಕೈಲಿ ಆಗಲ್ಲ."

ಚಿಕ್ಕವನು ಭಾನುವಾರ ಬರುತ್ತೇನೆ ಎಂದ. ಫೋನ್ ಇಟ್ಟಾಗ ಕೆಂಡನಿಗೆ ಹೊರೆ ಇಳಿದ ಹಾಗಾಯಿತು. ಆ ಹಗುರ ಅವನಿಗೇ ಹಿಡಿಸಲಿಲ್ಲ. ಒಳಗೆ ಹೋಗಿ, ಅಕ್ಕ ಬಡಿಸಿದ್ದನ್ನು ತಲೆ ಎತ್ತದೆ ಉಂಡು ಮಲಗಿದ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಬಂತು, ಹೇಳಲಿಲ್ಲ. ಅದರ ಮರುದಿನವೂ ಗಂಟಲಿನ ತನಕ ಬಂದದ್ದು ಅನ್ನದ ಜೊತೆ ಒಳಗೇ ಹೋಯಿತು. ಎಣ್ಣೆಯನ್ನು ಮಾತ್ರ ಬಿಡಲಿಲ್ಲ. ಇನ್ನು ಯಾರಿಗಾಗಿ ಎಂದು ತನ್ನನ್ನೇ ಬೈದುಕೊಳ್ಳುತ್ತ ಗುರುವಾರ ಸಂಜೆ ಹೋಗಿ ಮತ್ತೊಂದು ಕೈ ಬಳಿದ.

ಶುಕ್ರವಾರ ಬೆಳಗಿನ ಪಾಳಿ. ಡಿಪೋದ ಗೇಟು ದಾಟುವ ಮೊದಲೇ ಬಸ್ಸಿನ ಗೇರು ಸಿಕ್ಕಿಹಾಕಿಕೊಂಡಿತು. ಎಳೆದರೂ ಬರಲಿಲ್ಲ, ಒದ್ದರೂ ಬರಲಿಲ್ಲ. ಬದಲಿ ಗಾಡಿ ಇಲ್ಲ, ಮಧ್ಯಾಹ್ನ ಬಾ ಎಂದು ಮನೆಗೆ ಕಳಿಸಿದರು. ಆಗಷ್ಟೇ ಬೆಳಕು ಹರಿಯುತ್ತಿತ್ತು. ಅಕ್ಕ ಮಲಗಿರುತ್ತಾಳೆ, ಎಬ್ಬಿಸುವುದು ಬೇಡ ಎಂದು ಹಿತ್ತಲ ಕಡೆಯಿಂದ ಬಂದ.

ಬೆಂಚಿನ ಹತ್ತಿರ ಏನೋ ಅಲ್ಲಾಡುತ್ತಿತ್ತು. ಕಳ್ಳನೇ ಇರಬೇಕು ಎಂದು ಕೆಂಡ ಒಂದು ಇಟ್ಟಿಗೆ ಕೈಗೆತ್ತಿಕೊಂಡ. ಎರಡು ಹೆಜ್ಜೆ ಮುಂದೆ ಹೋದ ಮೇಲೆ ನೋಡುತ್ತಾನೆ, ಅದು ತನ್ನದೇ ರೇನ್‌ಕೋಟು. ಅದರೊಳಗೆ ಇದ್ದವಳು ಅಕ್ಕ. ತಲೆಯಿಂದ ಎದೆಯ ತನಕ ಸೊಳ್ಳೆ ಪರದೆ ಸುತ್ತಿಕೊಂಡಿದ್ದಳು. ಕಾಲಿಗೂ ಕಾಲುಚೀಲ, ಕೈಗೂ ಕಾಲುಚೀಲ, ಅದೂ ಇವನದೇ. ಪಕ್ಕದಲ್ಲಿ ಬಕೆಟ್ಟು. ನೆಲಕ್ಕೆ ಮಂಡಿಯೂರಿ ಬಟ್ಟೆ ಉಜ್ಜುವ ಬ್ರಷ್ಷಿನಿಂದ ಬೆಂಚನ್ನು ಪರಪರ ಉಜ್ಜುತ್ತಿದ್ದಳು. ನೊರೆ ಹಳದಿಯಾಗಿ ಹರಿದು ಮಣ್ಣಿಗೆ ಇಳಿಯುತ್ತಿತ್ತು. ಅವನು ನಿನ್ನೆ ಬಳಿದ ಎಣ್ಣೆ.

ಕೆಂಡನ ಕೈಯಿಂದ ಇಟ್ಟಿಗೆ ಬಿತ್ತು. ಅಕ್ಕ ತಿರುಗಿ ನೋಡಿ, ಪರದೆಯೊಳಗಿನಿಂದಲೇ, ಇಷ್ಟು ಬೇಗ ಯಾಕೆ ಬಂದೆ, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಬೆಳಿಗ್ಗೆ ಚಳಿಗೆ ಕಡಜ ಹಾರುವುದಿಲ್ಲ, ಗಾಬರಿಯಾಗಬೇಡ ಎಂದೂ ಸೇರಿಸಿದಳು. ಏನು ಮಾಡುತ್ತಿದ್ದೀಯ ಎಂದು ಇವನು ಕೇಳಿದ್ದಕ್ಕೆ, ಕಾಣಿಸುವುದಿಲ್ಲವೇ ಎಂದಳು. ಪಕ್ಕದ ಮನೆಯವರ ಮರದಿಂದ ಅಂಟು ಸುರಿಯುತ್ತಿದೆ, ಎಷ್ಟು ತೊಳೆದರೂ ವಾರದೊಳಗೆ ಮತ್ತೆ ಜಿಡ್ಡು, ಆ ಜಿಡ್ಡಿಗೇ ಹುಳ ಬರುತ್ತಿರುವುದು, ಬಟ್ಟೆ ಒಗೆಯುವ ಸೋಡಾ ಹಾಕಿ ತಿಕ್ಕಿದರೆ ಮರ ಎಷ್ಟು ಬೆಳ್ಳಗಾಗುತ್ತದೆ ನೋಡು ಎಂದು ವಿವರಿಸಿದಳು. ಆಸ್ಪತ್ರೆಯಲ್ಲಿ ಎಂಥೆಂಥ ಕಲೆ ತೆಗೆದವಳು ಅವಳು. ಬೆರಳಿಗೆ ಅಂಟಿದ್ದೆಲ್ಲ ಅವಳ ಲೆಕ್ಕದಲ್ಲಿ ಕೊಳೆ.

"ಅದು ಅಂಟಲ್ಲ," ಎಂದ ಕೆಂಡ. "ನಾನು ಬಳಿದ ಎಣ್ಣೆ."

ಅಕ್ಕನ ಕೈ ನಿಂತಿತು. ಬ್ರಷ್ಷನ್ನು ಬಕೆಟ್ಟಿಗೆ ಹಾಕಿದಳು. ಪರದೆಯನ್ನು ಮೇಲಕ್ಕೆತ್ತಿ ಬೆಂಚನ್ನು ನೋಡಿದಳು, ನೊರೆಯನ್ನು ನೋಡಿದಳು, ಆಮೇಲೆ ತಮ್ಮನ ಮುಖವನ್ನು ನೋಡಿದಳು. ಕೆಂಡ ಸಿಟ್ಟು ಬರಲಿ ಎಂದು ಕಾದ. ಬರಲಿಲ್ಲ. ಅಡುಗೆಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಅವಳೂ ಬಂದು ಪಕ್ಕದಲ್ಲಿ ಕೂತು ಕೈಯಿಂದ ಕಾಲುಚೀಲ ಬಿಚ್ಚಿ ಹಿಂಡತೊಡಗಿದಳು.

"ಹಾಗಾದ್ರೆ ನೀನು ಸಂಜೆ ಬಳಿಯೋದು, ನಾನು ಬೆಳಿಗ್ಗೆ ತೊಳೆಯೋದು," ಎಂದಳು. "ಇಬ್ರೂ ಸೇರಿ ಅವುಕ್ಕೆ ಎಲೆ ಹಾಕಿ ಬಡಿಸ್ತಾ ಇದ್ವಿ ಅನ್ನು."

ಅಂಗಡಿಯವನ ಮಾತು ಕೆಂಡನಿಗೆ ಈಗ ನೆನಪಾಯಿತು. ಇಡೀ ಬೀದಿಯೆದುರು ಅವನ ಮೇಲೆ ಅರಚಿದ್ದೂ ನೆನಪಾಯಿತು. ಅದನ್ನು ಅತ್ತ ಸರಿಸಿ, ಭಾನುವಾರದ ವಿಷಯ ಹೇಳಲು ಬಾಯಿ ತೆರೆದ. ಅಕ್ಕ, ಒಂದು ಮಾತು, ಎನ್ನುವಷ್ಟರಲ್ಲಿ ಅವಳೇ ಹೇಳಿದಳು.

"ಚಿಕ್ಕವನು ನಂಗೂ ಫೋನ್ ಮಾಡಿದ್ದ. ಮಂಚ ಕಿಟಕಿ ಕಡೆ ಹಾಕ್ಲಾ, ಗೋಡೆ ಕಡೆ ಹಾಕ್ಲಾ ಅಂತ ಕೇಳ್ದ."

ಕೆಂಡನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನೀನು ಏನಂದೆ ಎಂದು ನೆಲ ನೋಡಿಕೊಂಡೇ ಕೇಳಿದ. ನಿನ್ನ ಹೆಂಡತಿಯನ್ನು ಕೇಳು, ಕಸ ಗುಡಿಸುವವಳು ಅವಳು ತಾನೇ ಎಂದು ಅವನಿಗೆ ಹೇಳಿದೆ ಎಂದಳು. ಹೋಗಲು ಅವಳಿಗೆ ಇಷ್ಟವೇ ಎಂದು ಇವನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಾಕಿ ಸೋಡಾ ನೀರನ್ನು ಚರಂಡಿಗೆ ಚೆಲ್ಲಿ ಬಂದು, ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಬ್ರಷ್ಷನ್ನು ಜೋಡಿಸಿಟ್ಟಳು. ಕೆಲಸ ಬಿಟ್ಟು ಹೋಗುವವರು ಸಾಮಾನು ಒಪ್ಪಿಸುವ ಹಾಗೆ ಕಂಡಿತು ಅವನಿಗೆ. ಅದನ್ನು ನೋಡಲಾಗದೆ ಎದ್ದ. ಡಿಪೋಗೆ ಫೋನ್ ಮಾಡಿ, ಮಧ್ಯಾಹ್ನ ಬರುವುದಿಲ್ಲ, ನಾಳೆಯೂ ಬರುವುದಿಲ್ಲ ಎಂದ. ಕಾರಣ ಕೇಳಿದವನಿಗೆ ಬೆಂಚಿಗೆ ಎಣ್ಣೆ ಹಚ್ಚಬೇಕು ಎಂದ. ಆ ಕಡೆಯವನು ತಮಾಷೆ ಅಂದುಕೊಂಡು ನಕ್ಕ.

ಒದ್ದೆ ಮರ ಬಿಸಿಲಿಗೆ ಆರುವ ತನಕ ಒಳಗಿದ್ದು, ಸಂಜೆ ಹೊರಗೆ ಬಂದು ಪಾಲಿಶ್ ಪೇಪರಿನಿಂದ ಬೆಂಚು, ಕಂಬ, ಮಾಡಿನ ಪಟ್ಟಿ ಎಲ್ಲವನ್ನೂ ಉಜ್ಜಿದ. ಬೂದಿ ಬಣ್ಣ ಉದುರಿ ಒಳಗಿನ ಕೆಂಪು ಮರ ಕಂಡಿತು. ಎಣ್ಣೆ ಬಳಿದ, ಮಿಕ್ಕಿದ್ದನ್ನು ಬಟ್ಟೆಯಲ್ಲಿ ಒರೆಸಿದ. ಶನಿವಾರ ಸಂಜೆ ಮತ್ತೊಂದು ಕೈ. ಅಕ್ಕ ಬಾಗಿಲಿನೊಳಗೆ ನಿಂತು ಅಲ್ಲಿ ಬಿಟ್ಟೆ, ಇಲ್ಲಿ ಬಿಟ್ಟೆ ಎಂದು ತೋರಿಸುತ್ತಿದ್ದಳು. ಭುಜ ಕಿತ್ತು ಬರುತ್ತಿದ್ದರೂ ಇವನು ತಿರುಗಿ ಮಾತಾಡಲಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಅಕ್ಕ, ಇಲ್ಲಿ ನಾರು ಸಿಗಲಿಲ್ಲ ಅಂದರೆ ಕಡಜಗಳು ಬಾಗಿಲು ಚೌಕಟ್ಟಿಗೆ ಬರುತ್ತವೆ ಎಂದಳು. ಲಾಂಡ್ರಿಯಲ್ಲಿ ಹೀಗೇ ಆಗುತ್ತಿತ್ತಂತೆ. ವಾರ್ಡಿನವರಿಗೆ ಒರೆಸಲು ಬಟ್ಟೆ ಬೇಕಾದಾಗಲೆಲ್ಲ ಬಂದು, ಕೈಗೆ ಸಿಕ್ಕ ಒಳ್ಳೆಯ ಚಾದರವನ್ನೇ ಪರ್ರನೆ ಹರಿದುಕೊಂಡು ಹೋಗುತ್ತಿದ್ದರು. ಬೀಗ ಹಾಕಿ ನೋಡಿದಳು, ಜಗಳ ಆಡಿ ನೋಡಿದಳು. ಕೊನೆಗೆ ಒಂದು ಸವೆದ ಚಾದರವನ್ನು ಒಗೆದು ಬಾಗಿಲ ಹತ್ತಿರವೇ ನೇತುಹಾಕಿದಳು. ಬಂದವರು ಅದನ್ನೇ ಹರಿದುಕೊಂಡು ಹೋದರು, ಒಳಗಿನದಕ್ಕೆ ಕೈ ಹಾಕಲಿಲ್ಲ. ಅದು ಮುಗಿದರೆ ಇನ್ನೊಂದು.

ಕೆಂಡ ಬ್ರಷ್ಷು ಹಿಡಿದು ನೆಟ್ಟಗೆ ನಿಂತ. ನಿನ್ನ ಪ್ರಾಣ ತೆಗೆಯಲು ಬಂದ ಹುಳಕ್ಕೆ ನಾನು ಮರ ಹಾಕಿ ಸಾಕಬೇಕೇ ಎಂದು ಕೇಳಿದ. ಸಾಕಬೇಡ, ದೂರ ಇಡು ಎಂದಳು ಅಕ್ಕ. ಶೆಡ್ಡಿನಲ್ಲಿ ನಿಲ್ದಾಣದ ಮಾಡಿನ ಒಂದು ಹಲಗೆ ಉಳಿದಿತ್ತು. ಅದನ್ನು ಮೆಟ್ಟಿಲಿಗೆ ತಂದುಕೊಟ್ಟ. ಅವಳು ಸೋಡಾ ಹಾಕಿ, ಮನಸ್ಸಿಗೆ ಸಮಾಧಾನವಾಗುವಷ್ಟು ತಿಕ್ಕಿ, ಬೆಳ್ಳಗೆ ಒರಟು ಮಾಡಿ ಕೊಟ್ಟಳು. ಅವನು ಅದನ್ನು ಹಿತ್ತಲಿನ ಕಟ್ಟಕಡೆಯ ಗೋಡೆಗೆ, ಚರಂಡಿಯ ಆಚೆ, ತಂತಿಯಿಂದ ಕಟ್ಟಿದ.

ಭಾನುವಾರ ಚಿಕ್ಕವನು ಕಾರಿನಲ್ಲಿ ಬಂದ. ಕೈಯಲ್ಲಿ ಪೆಟ್ಟಿಗೆ ಕಟ್ಟಲು ತಂದ ಹಗ್ಗ. ಅಕ್ಕ ಒಂದು ಸೂಟ್‌ಕೇಸು ತುಂಬಿಟ್ಟಿದ್ದಳು. ಯಾವಾಗ ತುಂಬಿದಳೋ ಕೆಂಡನಿಗೆ ಗೊತ್ತಾಗಿರಲಿಲ್ಲ. ಚಿಕ್ಕವನು ಸೂಟ್‌ಕೇಸಿಗೆ ಕೈ ಹಾಕಿದಾಗ ಇವನು ಅಡ್ಡ ನಿಂತು, ಬಾ, ಮೊದಲು ಹಿತ್ತಲು ನೋಡು ಎಂದ.

ಇಬ್ಬರೂ ಹೋಗಿ ಬೆಂಚಿನಿಂದ ಸ್ವಲ್ಪ ದೂರ ನಿಂತರು. ಚಿಕ್ಕವನಿಗೆ ಏನು ನೋಡಬೇಕೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಒಂದು ಕಡಜ ಬಂತು. ಬೆಂಚಿನ ಮೇಲೆ ಕೂತು, ಎಣ್ಣೆ ಕುಡಿದ ಪಟ್ಟಿಯ ಮೇಲೆ ಅತ್ತಿತ್ತ ನಡೆದು, ಬಾಯಿ ಇಟ್ಟು ನೋಡಿತು. ಹುಳು ಎದ್ದಿತು. ಬಳ್ಳಿಯನ್ನು ಒಂದು ಸುತ್ತು ಹಾಕಿ ಗೋಡೆಯ ಕಡೆ ಹೋಯಿತು. ಅಲ್ಲಿ ಆಗಲೇ ಎರಡು ಮೂರು ಹಲಗೆಗೆ ಅಂಟಿಕೊಂಡು ಕೆರೆಯುತ್ತಿದ್ದವು.

"ಬೇಡ ಕಣೋ," ಎಂದ ಕೆಂಡ. "ಕರ್ಕೊಂಡು ಹೋಗ್ಬೇಡ. ಅವತ್ತು ಸುಸ್ತಾಗಿತ್ತು, ಅಂದ್ಬಿಟ್ಟೆ."

ಚಿಕ್ಕವನಿಗೆ ಸಿಟ್ಟು ಬಂತು. ಬಾ ಎಂದವನೂ ನೀನೇ, ಹೋಗು ಎನ್ನುವವನೂ ನೀನೇ, ಅಲ್ಲಿ ಕೋಣೆ ಖಾಲಿ ಮಾಡಿಸಿ ಬಂದಿದ್ದೇನೆ ಎಂದ. ಒಂದು ಹುಳ ಎದ್ದು ಹೋಯಿತು ಅಂತ ನಂಬಲೇ, ನಾಳೆ ಇನ್ನೊಂದು ಬರುವುದಿಲ್ಲವೇ ಎಂದ. ಆಮೇಲೆ ನಿಜವಾದ ಪ್ರಶ್ನೆ ಕೇಳಿದ.

"ನೀನು ಬಸ್ಸಲ್ಲಿದ್ದಾಗ ಕಚ್ಚಿದ್ರೆ ಏನ್ಮಾಡ್ತೀಯಣ್ಣ?"

ಇಂಜೆಕ್ಷನ್ ಇದೆ ಎಂದ ಕೆಂಡ, ಬಾಗಿಲ ಮೇಲೆ ಕೈ ತೋರಿಸುತ್ತ. ಚಿಕ್ಕವನು ಮೊಳೆಯನ್ನು ನೋಡಿದ, ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕನನ್ನು ನೋಡಿದ. ಅಕ್ಕ ಕುಳ್ಳಿ. ಕೈ ಚಾಚಿದರೂ ಮೊಳೆ ಅವಳಿಗೆ ಒಂದು ಗೇಣು ದೂರ. ಆರಡಿ ಡ್ರೈವರು ತನ್ನ ಎತ್ತರಕ್ಕೆ ಮೊಳೆ ಹೊಡೆದುಕೊಂಡಿದ್ದ, ವರ್ಷವಾದರೂ ಅದು ಹೊಳೆದಿರಲಿಲ್ಲ. ಕೆಂಡನ ಮುಖ ಕಪ್ಪಿಟ್ಟಿತು. ಅವನು ಡಬ್ಬಿಯನ್ನು ಇಳಿಸಿ ಅಕ್ಕನ ಕೈಗೆ ಕೊಟ್ಟ. ಹಾಕಿಕೊಳ್ಳುವುದು ಹೇಗೆಂದು ಡಾಕ್ಟರು ತನಗಷ್ಟೇ ತೋರಿಸಿದ್ದು, ನಾಳೆ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಕ್ಕ, ನಾಳೆ ಬೇಡ, ನೀನೇ ಈಗ ತೋರಿಸು, ಅದನ್ನೂ ನೋಡುತ್ತೇನೆ, ಡಾಕ್ಟರನ್ನೂ ಕೇಳುತ್ತೇನೆ ಎಂದಳು. ಮೂವರೂ ಮೆಟ್ಟಿಲ ಮೇಲೆ ಕೂತು, ಒಂದು ಪೆನ್ನನ್ನೇ ಇಂಜೆಕ್ಷನ್ ಮಾಡಿಕೊಂಡು, ತೊಡೆಗೆ ಒತ್ತುವುದು ಕಲಿತರು. ಅಕ್ಕ ಡಬ್ಬಿಯನ್ನು ಬಟ್ಟೆಯ ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಂಡಳು. ಆಮೇಲೆ ಸೂಟ್‌ಕೇಸಿನ ಕಡೆ ಒಮ್ಮೆ ನೋಡಿ, ಚಿಕ್ಕವನಿಗೆ ಹೇಳಿದಳು.

"ನಿನ್ನ ಮನೆ ಚೆನ್ನಾಗಿದೆ ಕಣೋ. ಹುಳ ಬರಲ್ಲ, ಗಾಳೀನೂ ಬರಲ್ಲ. ಹಂಗಿರೋ ಜಾಗದಲ್ಲಿ ನಾನು ಬೇಕಾದಷ್ಟು ವರ್ಷ ಇದ್ದೆ. ಇಲ್ಲೇ ಇರ್ತೀನಿ."

ಚಿಕ್ಕವನು ಹಗ್ಗವನ್ನು ಸುತ್ತಿ ಜೇಬಿಗೆ ತುರುಕಿದ. ಅವನ ಮುಖದ ಬಿಗಿ ಸಡಿಲವಾಗಲಿಲ್ಲ. ಮುಂದಿನ ಸಲ ಆ ಎಣ್ಣೆ ನಾನು ಬಂದು ಬಳಿಯುತ್ತೇನೆ, ನಿನ್ನ ಮುಖ ನೋಡಿದರೆ ಹುಳಕ್ಕಿಂತ ಮೊದಲು ನೀನೇ ಹೋಗುವ ಹಾಗಿದ್ದೀಯ ಎಂದ ಅಣ್ಣನಿಗೆ. ಕೆಂಡ ಬೈಯಲು ಹೊರಟು, ಆಗಲಿ ಎಂದಷ್ಟೇ ಅಂದ.

ಬಿಸಿಲು ಇಳಿದ ಮೇಲೆ ಅಕ್ಕ ಟೀ ಮಾಡಲು ಒಳಗೆ ಹೋದಳು. ಕೆಂಡ ಎಣ್ಣೆ ಆರಿದೆಯೋ ಎಂದು ಬೆಂಚನ್ನು ಮುಟ್ಟಿ ನೋಡಿದ. ಆರಿತ್ತು. ಪ್ಯಾಂಟಿಗೆ ಹತ್ತುತ್ತದೆಯೋ ನೋಡೋಣ ಎಂದು ಕೂತ. ಕಾಲು ಚಾಚಿದ. ಗೋಡೆಯ ಕಡೆಯಿಂದ ಕಡಜಗಳು ಹಲಗೆ ಕೆರೆಯುವ ಸಣ್ಣ ಸದ್ದು ಕೇಳುತ್ತಿತ್ತು.

ಅಕ್ಕ ಲೋಟ ಹಿಡಿದು ಬಂದಾಗ ಅವನ ತಲೆ ಕಂಬಕ್ಕೆ ಒರಗಿತ್ತು. ಬಾಯಿ ಅರ್ಧ ತೆರೆದಿತ್ತು. ಸಣ್ಣಗೆ ಗೊರಕೆ. ಚಿಕ್ಕವನು ಎಬ್ಬಿಸಲು ಹೋದ. ಅಕ್ಕ ಬೇಡ ಎಂದು ಸನ್ನೆ ಮಾಡಿ, ಬೆಂಚಿನ ಇನ್ನೊಂದು ತುದಿಯಲ್ಲಿ, ಹೋದ ವರ್ಷದ ತನ್ನ ಜಾಗದಲ್ಲೇ ಕೂತಳು. ಅವನ ಟೀಯನ್ನು ತಟ್ಟೆಯಿಂದ ಮುಚ್ಚಿ ಪಕ್ಕಕ್ಕಿಟ್ಟು, ತನ್ನದನ್ನು ಕುಡಿಯುತ್ತ ಹಲಗೆಯ ಕಡೆ ನೋಡಿದಳು. ವಾರದಲ್ಲಿ ಇನ್ನೊಮ್ಮೆ ಅದನ್ನು ತೊಳೆಯಬೇಕು ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡಳು.